ಡ್ರೈವ್‌ವೇಯಲ್ಲಿ ಮಡಿನೀರು

ತೊಂಬತ್ತರ ದಶಕದಲ್ಲಿ ನಾನೊಂದು ಟ್ರೇಲರ್ ಕೊಂಡೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ತಗಡಿನ ಮನೆ ಅದು. ಒಳಗೆ ಮಂಚ, ಒಲೆ, ನಲ್ಲಿ, ಮೊಣಕೈ ಚಾಚಿದರೆ ಎರಡೂ ಗೋಡೆಗೆ ತಾಗುವ ಒಂದು ಬಚ್ಚಲು. ಬೆಟ್ಟಗುಡ್ಡ ನೋಡಲೆಂದು ಕೊಂಡದ್ದು. ಎರಡು ಸಲ ನಾರ್ತ್ ಕ್ಯಾರೊಲೈನಾದ ಬೆಟ್ಟಗಳಿಗೆ ಹೋಗಿಯೂ ಬಂದೆವು. ಎರಡನೆಯ ಸಲ ನಾನು ರಿವರ್ಸ್ ತೆಗೆಯುತ್ತಿದ್ದಾಗ ಕ್ಯಾಂಪ್‌ಗ್ರೌಂಡಿನ ಬೋರ್ಡೊಂದು ದಾರಿಗೆ ಅಡ್ಡ ಬಂದಿತು. ಆಮೇಲೆ ಟ್ರೇಲರ್ ಜಾರ್ಜಿಯಾದ ಲಾರೆನ್ಸ್‌ವಿಲ್‌ನ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಕ್ಷೇತ್ರಸಂನ್ಯಾಸ ಸ್ವೀಕರಿಸಿ ನಿಂತಿತು. ನನ್ನ ಹೆಂಡತಿ ಪ್ರತಿ ಭಾನುವಾರ ಅದನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿ, ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಮೈಸೂರಿನಿಂದ ಅತ್ತೆ ಬಂದರು. ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನಮ್ಮ ತಂದೆಯ ಅಕ್ಕ. ಎಪ್ಪತ್ತೊಂದು ವರ್ಷದ ಮಡಿ ಹೆಂಗಸು. ನಾನು ಹೈಸ್ಕೂಲು ಓದಿದ್ದು ಅವರ ಮನೆಯಲ್ಲಿ. ಆರು ತಿಂಗಳು ಇದ್ದು ಹೋಗಲಿ ಎಂದು ನಾನೇ ಟಿಕೆಟ್ ಕಳಿಸಿ ಕರೆಸಿಕೊಂಡಿದ್ದೆ. ಕರೆಸಿಕೊಂಡವನಿಗೆ ಅವರು ಏನನ್ನು ತಿನ್ನುತ್ತಾರೆ ಎನ್ನುವುದು ನೆನಪಿತ್ತು. ಎಲ್ಲಿ ಬೇಯಿಸಿದ್ದನ್ನು ತಿನ್ನುತ್ತಾರೆ ಎನ್ನುವುದು ಮರೆತಿತ್ತು.

ಬಂದ ದಿನ ಅವರು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಉಸಿರು ಎಳೆದುಕೊಂಡರು.

“ಏನಮ್ಮ, ಇಲ್ಲಿ ಮೊಟ್ಟೆ ಏನಾದರೂ...?”

ನನ್ನ ಹೆಂಡತಿ ಸತ್ಯಸಂಧೆ. “ಒಂದೊಂದ್ಸಲ ಅತ್ತೆ. ಕೇಕ್ ಬೇಕ್ ಮಾಡಿದಾಗ ಅಷ್ಟೇ.”

ಅತ್ತೆ ಕೋಪಿಸಿಕೊಳ್ಳಲಿಲ್ಲ. “ಪರವಾಗಿಲ್ಲಮ್ಮ, ನಿಮ್ಮ ಮನೆ, ನಿಮ್ಮಿಷ್ಟ” ಎಂದು ಹೇಳಿ ಮೂರು ದಿನ ಬಾಳೆಹಣ್ಣು, ಕಡಲೆಕಾಯಿಬೀಜ, ಪ್ಯಾಕೆಟ್ ಹಾಲು ಇವುಗಳ ಮೇಲೆ ಜೀವನ ಸಾಗಿಸಿದರು. ನಾಲ್ಕನೆಯ ದಿನ ನನ್ನ ಹೆಂಡತಿ ಕಿಟಕಿಯಿಂದ ಡ್ರೈವ್‌ವೇ ಕಡೆ ನೋಡುತ್ತಾ, “ರೀ, ಆ ಡಬ್ಬದಲ್ಲಿ ಒಲೆ ಇದೆ ಅಲ್ವಾ?” ಎಂದಳು. ಟ್ರೇಲರ್ ಕೊಂಡ ಮೇಲೆ ಅದರ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು.

ಅತ್ತೆ ಟ್ರೇಲರನ್ನು ಒಂದು ಪ್ರದಕ್ಷಿಣೆ ಹಾಕಿದರು. “ಏನೋ ಇದು, ಲಾರಿಗೆ ಕಿಟಕಿ ಇಟ್ಟ ಹಾಗಿದೆ. ಹೊಸದಾ?”

ಹೊಸದಲ್ಲ. ನಾವು ಆ ಒಲೆಯ ಮೇಲೆ ಕಾಫಿ ಬಿಟ್ಟರೆ ಬೇರೇನೂ ಮಾಡಿರಲಿಲ್ಲ, ಹಿಂದಿನವರ ಕಥೆ ಗೊತ್ತಿರಲಿಲ್ಲ. ಆದ್ದರಿಂದ ವಿಚಾರಣಾ ಆಯೋಗ ನೇಮಕವಾಯಿತು. ನನಗೆ ಅದನ್ನು ಮಾರಿದ್ದ ಮುದುಕನಿಗೆ ಫೋನ್ ಮಾಡಿ, ಆ ಒಲೆಯ ಮೇಲೆ ಮಾಂಸ ಬೇಯಿಸಿದ್ದುಂಟೆ ಎಂದು ಕೇಳಿದೆ. ಎರಡು ವರ್ಷದ ಹಿಂದೆ ಮಾರಿದ ಮಾಲಿನ ಬಗ್ಗೆ ಇಂಥ ಪ್ರಶ್ನೆಯನ್ನು ಆತ ನಿರೀಕ್ಷಿಸಿರಲಿಲ್ಲ. “ಮಾಂಸವೇ? ರಜೆಯಲ್ಲಿ ನಾನು ಒಲೆ ಮುಟ್ಟೋದಿಲ್ಲ ಅಂತ ನನ್ನ ಹೆಂಡತಿ ಮದುವೆಯ ದಿನವೇ ಹೇಳಿದ್ದಳು ಸ್ವಾಮಿ. ಅದರ ಮೇಲೆ ಒಂದು ಟೋಸ್ಟ್ ಕೂಡ ಆಗಿಲ್ಲ” ಎಂದ. ಇದನ್ನು ಕನ್ನಡಿಸಿ ಹೇಳಿದೆ. ಅತ್ತೆ ಕೈಮುಗಿದು, “ಪುಣ್ಯಾತ್ಗಿತ್ತಿ, ಎಲ್ಲಿದ್ದರೂ ಚೆನ್ನಾಗಿರಲಿ” ಎಂದರು.

ಹೀಗೆ ನನ್ನ ಟ್ರೇಲರ್ ಮಡಿಯ ಅಡುಗೆಮನೆಯಾಯಿತು. ಮನೆಯ ಉತ್ತರದ ಗೋಡೆಗೆ ಒಂದು ಹೊರನಲ್ಲಿ ಇತ್ತು. ಅದಕ್ಕೆ ಹೊಸ ಬಿಳಿ ಹೋಸ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಟ್ರೇಲರಿನ ಹೊಟ್ಟೆಗೆ ಜೋಡಿಸಿದೆ. ಅತ್ತೆ ರಾತ್ರಿ ಮಲಗುವುದು ಮನೆಯೊಳಗೆ. ಬೆಳಿಗ್ಗೆ ಮನೆಯ ಬಚ್ಚಲಲ್ಲೇ ಸ್ನಾನ, ಆಮೇಲೆ ಮಡಿಯ ಉಣ್ಣೆವಸ್ತ್ರ ಧಾಬಳಿ ಉಟ್ಟು ಹನ್ನೆರಡು ಹೆಜ್ಜೆ ನಡೆದು ಟ್ರೇಲರ್ ಪ್ರವೇಶ. ಅಲ್ಲಿಂದ ಅಡುಗೆ, ಊಟ ಮುಗಿಯುವ ತನಕ ಆ ಮೂರು ಮೆಟ್ಟಿಲು ನಮಗೆ ನಿಷಿದ್ಧ. ಸಾಯಂಕಾಲದ ಮೇಲೆ ಯಾರು ಬೇಕಾದರೂ ಹೋಗಬಹುದಿತ್ತು. ಮರುದಿನ ಅವರೇ ತೊಳೆದು ಬಳಿದು ಶುದ್ಧ ಮಾಡಿಕೊಳ್ಳುತ್ತಿದ್ದರು. ಟ್ರೇಲರಿನಿಂದ ಮೆಂತ್ಯದ ಒಗ್ಗರಣೆಯ ವಾಸನೆ ಬರತೊಡಗಿದ ಮೇಲೆ ಪಕ್ಕದ ಮನೆಯಾತ ದಿನಕ್ಕೆರಡು ಸಲ ತನ್ನ ಹುಲ್ಲುಹಾಸನ್ನು ಪರೀಕ್ಷಿಸಲು ಹೊರಗೆ ಬರುತ್ತಿದ್ದ.

ಆತ ಟೆಲಿಫೋನ್ ತಂತಿಯ ಕೆಲಸದಿಂದ ನಿವೃತ್ತನಾದವನು. ಹುಟ್ಟಿದ್ದು, ಬೆಳೆದದ್ದು ಎಲ್ಲ ಜಾರ್ಜಿಯಾ. ಕೆಲಸ ಗೊತ್ತಿದ್ದ ಮನುಷ್ಯ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ; ನೀರು ಮೂವತ್ತೆರಡು ಡಿಗ್ರಿ ಫ್ಯಾರನ್‌ಹೀಟಿಗೆ ಹೆಪ್ಪುಗಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಸಂಬಳ ತೆಗೆದುಕೊಳ್ಳುತ್ತಿದ್ದವನು. ನಮ್ಮಿಬ್ಬರಲ್ಲಿ ಯಾರಿಗೆ ಆ ವಿಷಯ ನಿಜವಾಗಿ ಗೊತ್ತಿತ್ತು ಎನ್ನುವುದು ಆ ಜನವರಿಯಲ್ಲಿ ಇತ್ಯರ್ಥವಾಯಿತು.

ನಮ್ಮ ಕಡೆ ಚಳಿಗಾಲ ಎಂದರೆ ಒಂದು ಸ್ವೆಟರಿನ ಮಾತು. ಆದರೆ ವರ್ಷಕ್ಕೊಂದೆರಡು ರಾತ್ರಿ ಉತ್ತರದಿಂದ ಗಾಳಿ ಇಳಿದು, ಬೆಳಗಾಗುವುದರೊಳಗೆ ಎಲ್ಲವನ್ನೂ ಕಲ್ಲು ಮಾಡಿ, ಮಧ್ಯಾಹ್ನಕ್ಕೆ ಏನೂ ಆಗಿಲ್ಲವೆಂಬಂತೆ ಹೊರಟುಹೋಗುತ್ತದೆ. ಅಂಥದೊಂದು ರಾತ್ರಿ ಬರುತ್ತದೆ, ಬೆಳಗಿನ ಜಾವಕ್ಕೆ ಹದಿನೆಂಟು ಡಿಗ್ರಿಗೆ ಇಳಿಯುತ್ತದೆ ಎಂದು ಟಿವಿಯ ಹವಾಮಾನದಾತ ಎರಡು ದಿನ ಮೊದಲೇ ಸಾರಿದ. ಊರಿನ ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿಯಾದವು. ನಾನು ಕ್ಯಾಲೆಂಡರ್ ನೋಡಿದೆ. ಅತ್ತೆ ಪಂಚಾಂಗ ನೋಡಿದರು. ಅದು ಏಕಾದಶಿಯ ರಾತ್ರಿ.

ಅತ್ತೆಯ ಏಕಾದಶಿ ಎಂದರೆ ಫಲಾಹಾರ, ಉಪ್ಪಿಟ್ಟು, ಅವಲಕ್ಕಿಗಳ ಏಕಾದಶಿಯಲ್ಲ. ನೀರೂ ಇಲ್ಲ. ನಲವತ್ತು ವರ್ಷದಿಂದ ಒಂದನ್ನೂ ಬಿಟ್ಟಿರಲಿಲ್ಲ. ಮರುದಿನ ದ್ವಾದಶಿ ಮುಗಿಯುವುದರೊಳಗೆ ಪಾರಣೆ ಮಾಡಬೇಕು, ಎಂದರೆ ಉಪವಾಸ ಮುರಿಯಬೇಕು. ಆ ಸಲ ದ್ವಾದಶಿ ಬೆಳಿಗ್ಗೆ ಬೇಗನೇ ಮುಗಿಯುತ್ತಿತ್ತು. ಮೈಸೂರಿನ ಪಂಚಾಂಗದಿಂದ ಹತ್ತೂವರೆ ಗಂಟೆ ಕಳೆದು ನಾನೇ ಲೆಕ್ಕ ಹಾಕಿದ್ದೆ, ಎಂಟು ಇಪ್ಪತ್ತು. ತಪ್ಪಿದರೆ ಇನ್ನೊಂದು ದಿನ ಹಾಗೆಯೇ ಇರುವುದು ಎಂದು ಅವರ ತೀರ್ಮಾನ. ಹದಿನೈದು ದಿನದ ಹಿಂದಿನ ಏಕಾದಶಿಗೆ ಪಾರಣೆ ಅರ್ಧ ಗಂಟೆ ತಡವಾಗಿದ್ದಕ್ಕೇ ಟ್ರೇಲರಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆಗಟ್ಟಿ ಕುಳಿತುಬಿಟ್ಟಿದ್ದರು. ಹೆಂಡತಿ ಅವರ ಕೈ ಹಿಡಿದುಕೊಂಡು ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ಆದ್ದರಿಂದ ದ್ವಾದಶಿಯ ಬೆಳಿಗ್ಗೆ ಟ್ರೇಲರಿನ ನಲ್ಲಿಯಲ್ಲಿ ನೀರು ಬರಲೇಬೇಕಾಗಿತ್ತು.

ಏಕಾದಶಿಯ ಮಧ್ಯಾಹ್ನ ಪಕ್ಕದ ಮನೆಯಾತ ಬಂದು, ಜೇಬಿನಲ್ಲಿ ಕೈ ಇಟ್ಟುಕೊಂಡು, ಟ್ರೇಲರಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ ಹೇಳಿದ. “ಬಹಳ ಸುಲಭ. ಹೋಸ್ ಬಿಚ್ಚು. ಪೈಪಿನ ನೀರನ್ನೆಲ್ಲ ಹೊರಗೆ ಬಿಡು. ಅಂಗಡಿಯಲ್ಲಿ ಗುಲಾಬಿ ಬಣ್ಣದ ಆಂಟಿಫ್ರೀಝ್ ಸಿಗುತ್ತೆ, ಅದು ಹೆಪ್ಪುಗಟ್ಟೋದಿಲ್ಲ, ಪೈಪಿಗೆ ತುಂಬು. ಹೋಗಿ ಮಲಗು.”

“ಬೆಳಿಗ್ಗೆ ಅದೇ ನಲ್ಲಿಯ ನೀರು ಬೇಕಲ್ಲ.”

“ಹಾಗಾದರೆ ಟ್ಯಾಂಕಿಗೆ ಈಗಲೇ ನೀರು ತುಂಬಿಟ್ಟುಕೊ.”

ನಾನು ಎರಡನ್ನೂ ಅತ್ತೆಯ ಮುಂದೆ ಇಟ್ಟೆ. ಅವರು ನಡುಮನೆಯ ಸೋಫಾದ ತುದಿಯಲ್ಲಿ ಜಪಮಣಿ ಹಿಡಿದು ಕೂತಿದ್ದರು. ಬಾಯಿ ಒಣಗಿದ್ದರೂ ಧ್ವನಿ ಒಣಗಿರಲಿಲ್ಲ.

“ಬಣ್ಣದ ನೀರು ಓಡಿದ ಪೈಪಿನಲ್ಲಿ ದೇವರಿಗೆ ನೀರು ಹಿಡಿಯೋದೇನೋ?”

“ಸರಿ, ಅದು ಬೇಡ. ಟ್ಯಾಂಕಲ್ಲಿ ತುಂಬಿಡೋಣ.”

“ನಿನ್ನೆ ನೀರು ನಿನ್ನೆಗೆ. ಸ್ನಾನ ಮಾಡಿ, ಮಡಿ ಉಟ್ಟು, ನಾನೇ ಹಿಡಿದ ನೀರಾಗಬೇಕು.”

ಹೆಂಡತಿ ಮಧ್ಯೆ ಬಂದಳು. “ಅತ್ತೆ, ಸ್ಟೋರಲ್ಲಿ ಸೀಲ್ ಮಾಡಿರೋ ನೀರಿನ ಕ್ಯಾನ್ ಸಿಗುತ್ತೆ. ಯಾರೂ ಟಚ್ ಮಾಡಿರಲ್ಲ.”

“ತುಂಬಿದವರು ಯಾರಮ್ಮ?”

“ಮೆಷಿನ್.”

“ಮೆಷಿನ್ನನ್ನ ಮುಟ್ಟಿದವರು ಯಾರು?”

ನಾನು ಕೊನೆಯ ಅಸ್ತ್ರ ತೆಗೆದೆ. “ಅತ್ತೆ, ಆ ನಲ್ಲಿಗೂ, ಅಡುಗೆಮನೆ ನಲ್ಲಿಗೂ, ಬಚ್ಚಲ ನಲ್ಲಿಗೂ ಬರೋದು ಒಂದೇ ಕೌಂಟಿಯ ಒಂದೇ ನೀರು.”

“ಮೋಡದಿಂದ ಬೀಳೋದೂ ಒಂದೇ ನೀರು ಕಣೋ. ಚರಂಡಿಗೂ ಅದೇ ಬೀಳುತ್ತೆ. ಅಲ್ಲಿ ಹಿಡಿದು ಕುಡೀತೀಯಾ?”

ಕಾಲೇಜಿನಲ್ಲಿ ನನಗೆ ಹೀಗೆ ಉತ್ತರ ಕೊಡುವ ವಿದ್ಯಾರ್ಥಿ ಒಬ್ಬನೂ ಸಿಕ್ಕಿರಲಿಲ್ಲ. ಹೊರಗೆ ಹೋಗಿ ಪಕ್ಕದ ಮನೆಯಾತನಿಗೆ ಪರಿಸ್ಥಿತಿ ವಿವರಿಸಿದೆ. ನಗುತ್ತಾನೆ ಎಂದುಕೊಂಡಿದ್ದೆ. ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. “ನಮ್ಮಜ್ಜಿ ಭಾನುವಾರ ಒಲೆ ಹಚ್ಚುತ್ತಿರಲಿಲ್ಲ. ತಾತ ಹೊಟ್ಟೆ ಹಸಿದು ಕೂಗಾಡಿದರೂ ಇಲ್ಲ. ಅಂಥವರ ಜೊತೆ ವಾದ ಮಾಡಬಾರದು, ಪೈಪ್ ರಿಪೇರಿ ಮಾಡಬೇಕು” ಎಂದ. “ನೀರು ನಿಂತರೆ ತಾನೇ ಕಲ್ಲಾಗೋದು? ನಿಲ್ಲದ ಹಾಗೆ ನೋಡಿಕೊಳ್ಳೋಣ.”

ಆಮೇಲೆ ಮೂರು ಗಂಟೆಯ ಕಾಲ ನಾವು ಆ ಟ್ರೇಲರಿಗೆ ಬಾಣಂತಿಯ ಉಪಚಾರ ಮಾಡಿದೆವು. ಪೈಪಿಗೆ ಸುತ್ತುವ ಫೋಮ್ ಅಂಗಡಿಯಲ್ಲಿ ಖಾಲಿಯಾಗಿತ್ತು. ಹಡಗಿನಲ್ಲಿ ತಿಂಗಳು ತಡವಾಗಿ ಬರುತ್ತಿದ್ದ ಕನ್ನಡ ವಾರಪತ್ರಿಕೆಗಳನ್ನು ಹೋಸಿಗೆ ಸುತ್ತಿ, ಮೇಲೆ ಹಳೆಯ ಟವೆಲು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ ದಾರ ಬಿಗಿದೆವು. ಟ್ರೇಲರಿನ ಕೆಳಗೆ ಗಾಳಿ ನುಗ್ಗದಂತೆ ಸುತ್ತಲೂ ರಟ್ಟು ನಿಲ್ಲಿಸಿದೆವು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟು, ಒಳಗಿನ ಪೈಪುಗಳ ಪಕ್ಕದಲ್ಲಿ ಒಂದು ಬಲ್ಬು ನೇತುಹಾಕಿದೆವು. ಒಂದು ಸಣ್ಣ ಹೀಟರನ್ನೂ ಇಟ್ಟೆವು. ಬಳಸಿದ ನೀರು ಹೊರಹೋಗುವ ಪೈಪು ತಾನೇ ಹೆಪ್ಪುಗಟ್ಟಬಾರದೆಂದು ಅದನ್ನು ಮುಚ್ಚಿ, ನಲ್ಲಿಯ ಕೆಳಗೆ ಬಕೆಟ್ ಇಟ್ಟೆವು. ಕೊನೆಗೆ ಆತ ನಲ್ಲಿಯನ್ನು ಪೆನ್ಸಿಲ್ ಸೀಸದಷ್ಟು ಸಣ್ಣ ಧಾರೆ ಬರುವಂತೆ ತಿರುಗಿಸಿ, “ಇದು ರಾತ್ರಿಯಿಡೀ ಹೀಗೇ ಹರೀತಿರಬೇಕು. ಬಾಕಿ ಎಲ್ಲ ಅಲಂಕಾರ. ಇದೊಂದೇ ಔಷಧಿ” ಎಂದ.

ನನ್ನ ಹೆಂಡತಿ ಮೆಟ್ಟಿಲ ಹತ್ತಿರ ನಿಂತು ಈ ವೈಭವವನ್ನು ನೋಡಿದಳು. “ಹೋದ ವರ್ಷ ನಂಗೆ ಫ್ಲೂ ಬಂದಾಗ ಒಂದು ಕಂಬಳಿ ಕೇಳಿದ್ದೆ, ಜ್ಞಾಪಕ ಇದೆಯಾ? ಗರಾಜಲ್ಲಿ ಎಲ್ಲೋ ಇದೆ ನೋಡ್ಕೋ ಅಂದ್ರಿ.”

ಅತ್ತೆಗೆ ಮಾತ್ರ ಆ ಧಾರೆಯನ್ನು ನೋಡಿ ಹೊಟ್ಟೆ ಉರಿಯಿತು. “ರಾತ್ರಿಯೆಲ್ಲಾ ಸುರಿಯೋದಾ?” ಎಂದು ನಾಲ್ಕು ಸಲ ಕೇಳಿದರು. “ಆಗಲಿ. ಬಕೆಟ್ ತುಂಬಿದರೆ ಬದಲಾಯಿಸು. ಚೆಲ್ಲಬೇಡ, ಗಿಡಕ್ಕಾಗುತ್ತೆ.”

ಮಲಗುವ ಮುಂಚೆ ನಾನು ಬಕೆಟ್ ಬದಲಾಯಿಸಲು ಹೋದೆ. ಚಳಿ ಕಿವಿಯನ್ನು ಚಿವುಟುತ್ತಿತ್ತು. ಟ್ರೇಲರಿನೊಳಗೆ ಬೆಚ್ಚಗಿತ್ತು, ಬಲ್ಬು ಉರಿಯುತ್ತಿತ್ತು, ಎಲ್ಲ ಚೆನ್ನಾಗಿತ್ತು. ತುಂಬಿದ ಬಕೆಟ್ ತೆಗೆದು ಖಾಲಿ ಬಕೆಟ್ ಇಟ್ಟೆ. ಆಮೇಲೆ ತುಂಬಿದ ಬಕೆಟನ್ನು ಹಿಡಿದು ಹೊರಗೆ ಬಂದು, ಬಾಗಿಲು ಹಾಕಿ, ಒಂದು ಒಳ್ಳೆಯ ಕೆಲಸ ಮಾಡಿ ಮುಗಿಸಿದ ನೆಮ್ಮದಿಯಲ್ಲಿ ಮಲಗಿದೆ. ನೆಮ್ಮದಿ ಯಾತಕ್ಕೆ ಎಂದು ಯೋಚಿಸಲಿಲ್ಲ.

ಬೆಳಿಗ್ಗೆ ಏಳೂ ಕಾಲಿಗೆ ಅತ್ತೆ ಟ್ರೇಲರಿನ ಬಾಗಿಲು ತೆರೆದು, ಮೆಟ್ಟಿಲ ಮೇಲೆ ನಿಂತು ಕರೆದರು. ಕೂಗಲು ಶಕ್ತಿ ಇರಲಿಲ್ಲ.

“ಮಗು, ನಲ್ಲಿ ಮಾತಾಡ್ತಿಲ್ಲ.”

“ಧಾರೆ ಬರ್ತಿಲ್ವಾ?”

“ಎಲ್ಲಿಯ ಧಾರೆ? ನಲ್ಲಿ ಬಿಗಿಯಾಗಿ ನಿಲ್ಲಿಸಿತ್ತಲ್ಲೋ. ತಿರುಗಿಸಿದೆ, ಗಾಳಿಯೂ ಬರಲಿಲ್ಲ.”

ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಮೈಸೂರಿನ ಅವರ ಮನೆಗೆ ದಿನ ಬಿಟ್ಟು ದಿನ ಒಂದು ಗಂಟೆ ಮಾತ್ರ ನೀರು ಬರುತ್ತಿತ್ತು. ನಲ್ಲಿ ತೊಟ್ಟಿಕ್ಕುವ ಸದ್ದು ಅತ್ತೆಗೆ ಮಹಡಿಯ ಮೇಲಿದ್ದರೂ ಕೇಳುತ್ತಿತ್ತು. ಆಮೇಲೆ ನಮ್ಮ ಗೆಣ್ಣಿನ ಮೇಲೆ ಸೌಟು ಬೀಳುತ್ತಿತ್ತು. ಹನಿಯುವ ನಲ್ಲಿಯ ಮುಂದಿನಿಂದ ಅದನ್ನು ಬಿಗಿಯದೆ ಎದ್ದುಹೋಗುವುದು ಆ ಮನೆಯಲ್ಲಿ ಬೆಳೆದ ಯಾರ ಕೈಯಿಂದಲೂ ಆಗುವ ಕೆಲಸವಲ್ಲ. ರಸಾಯನಶಾಸ್ತ್ರ ಓದಿದ್ದು ತಲೆ. ರಾತ್ರಿ ಬಕೆಟ್ ಬದಲಾಯಿಸಲು ಹೋದದ್ದು ಕೈ. ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. ಬೈಯಲು ಪುರಸೊತ್ತಿರಲಿಲ್ಲ. “ಟೈಮ್ ಎಷ್ಟಿದೆ?” ಎಂದಷ್ಟೇ ಕೇಳಿ ಪಕ್ಕದ ಮನೆಯ ಬಾಗಿಲಿಗೆ ಓಡಿದಳು.

ಆತ ಪೈಜಾಮದ ಮೇಲೆ ಕೋಟು ಹಾಕಿಕೊಂಡು, ಒಂದು ಕೈಯಲ್ಲಿ ತನ್ನ ಹೆಂಡತಿಯ ಹೇರ್ ಡ್ರೈಯರ್, ಇನ್ನೊಂದರಲ್ಲಿ ಉದ್ದನೆಯ ವೈರು ಹಿಡಿದು ಬಂದ. ಒಳಗೆ ಬಲ್ಬು ಇದ್ದದ್ದರಿಂದ ಟ್ರೇಲರಿನೊಳಗಿನ ಪೈಪು ಉಳಿದಿರಬೇಕು, ಸಿಕ್ಕಿಕೊಂಡಿರುವುದು ಹೋಸ್ ಮತ್ತು ಗೋಡೆಯ ನಲ್ಲಿಯ ಹತ್ತಿರ ಎಂದು ತೀರ್ಪು ಕೊಟ್ಟ. ಮೇಲಿನ ಪ್ಲಾಸ್ಟಿಕ್ ಕಿತ್ತು ನೋಡಿದರೆ ಬಿಳಿ ಹೋಸ್ ಲಾಠಿಯ ಹಾಗೆ ಸೆಟೆದಿತ್ತು.

“ಮೊದಲು ಒಳಗಿನ ನಲ್ಲಿ ತೆರೆದಿರಲಿ. ಟ್ರೇಲರ್ ಕಡೆಯಿಂದ ಬಿಸಿ ಮಾಡುತ್ತಾ ಗೋಡೆ ಕಡೆಗೆ ಬಾ. ಅವಸರ ಮಾಡಿದರೆ ಒಡೆಯುತ್ತೆ.”

ಅವಸರ ಮಾಡದಿರುವುದು ಹೇಗೆ? ನಾನು ಹೇರ್ ಡ್ರೈಯರ್ ಹಿಡಿದು ನೆಲದ ಮೇಲೆ ಮಂಡಿಯೂರಿ, ಹೋಸಿನ ಪಕ್ಕದಲ್ಲಿ ಅಂಗುಲ ಅಂಗುಲವಾಗಿ ತೆವಳಿದೆ. ಹೆಂಡತಿ ಅಡುಗೆಮನೆಯಿಂದ ಬಿಸಿನೀರು ತಂದು, ಸುತ್ತಿದ್ದ ಟವೆಲಿನ ಮೇಲೆ ಸುರಿಯಲು ಹೊರಟವಳು ತಟ್ಟನೆ ನಿಂತಳು.

“ಅತ್ತೆ, ಇದು ಅಡುಗೆಮನೆ ನೀರು. ಹೋಸ್ ಮೇಲೆ ಹಾಕಬಹುದಾ?”

ಕಿಟಕಿಯಿಂದ ಉತ್ತರ ಬಂತು. “ಹೊರಗೆ ಸುರಿದರೆ ಒಳಗಿನ ಮಡಿ ಹೋಗುತ್ತೇನಮ್ಮ? ಸುರಿ, ಸುರಿ.”

ಏಳು ಐವತ್ತು. ಎಂಟು. ಕಿಟಕಿಯ ಗಾಜಿನ ಹಿಂದೆ ಅತ್ತೆ ಸಿಂಕಿನ ಮುಂದೆ ನಿಂತೇ ಇದ್ದರು. ಒಂದು ಕೈಯಲ್ಲಿ ಬೆಳ್ಳಿಯ ಪಂಚಪಾತ್ರೆ, ಇನ್ನೊಂದು ಕೈಯಲ್ಲಿ ಉದ್ಧರಣೆ, ಎಂದರೆ ತೀರ್ಥ ಕೊಡುವ ಪುಟ್ಟ ಚಮಚ. ಒಲೆಯ ಪಕ್ಕದಲ್ಲಿ ಹೆಚ್ಚಿಟ್ಟ ಕಾಲರ್ಡ್ ಎಂಬ ಕೋಸಿನ ಜಾತಿಯ ಸೊಪ್ಪು. ದ್ವಾದಶಿಗೆ ಬೇಕಾದ ಅಗಸೆಸೊಪ್ಪು ಜಾರ್ಜಿಯಾದಲ್ಲಿ ಸಿಗದ ಕಾರಣ ಪಕ್ಕದ ಮನೆಯ ಹಿತ್ತಲಿನದು. ಎಂಟು ಗಂಟೆ ಹತ್ತು ನಿಮಿಷಕ್ಕೆ ಅವರು ಪಂಚಪಾತ್ರೆಯನ್ನು ಕೆಳಗಿಟ್ಟು ಸಿಂಕಿನ ಅಂಚು ಹಿಡಿದುಕೊಂಡದ್ದು ಕಾಣಿಸಿತು.

“ಕೂತ್ಕೊಳ್ಳಿ ಅತ್ತೆ!” ಎಂದು ಹೆಂಡತಿ ಕಿರುಚಿದಳು.

“ಕೂತರೆ ಏಳೋಕಾಗಲ್ಲಮ್ಮ.”

ಪಕ್ಕದ ಮನೆಯಾತನಿಗೆ ಭಾಷೆ ತಿಳಿಯಲಿಲ್ಲ, ಆದರೆ ಆ ಕೈ ಕಂಡಿತು. ನನ್ನಿಂದ ಹೇರ್ ಡ್ರೈಯರ್ ಕಿತ್ತುಕೊಂಡು ಗೋಡೆಯ ನಲ್ಲಿಗೇ ಹಿಡಿದ. ನಾನು ಹೋಸ್ ಅಲ್ಲಿಗೆ ಸೇರುವ ತಿರುಪನ್ನು ಎರಡೂ ಅಂಗೈಯಲ್ಲಿ ಅದುಮಿ ಹಿಡಿದೆ. ನನ್ನ ಅಂಗೈಯಿಂದ ಎಷ್ಟು ಶಾಖ ಹೋಗುತ್ತದೆ ಎಂದು ಲೆಕ್ಕ ಹಾಕಬಲ್ಲೆ, ಹಾಕಲಿಲ್ಲ.

ಎಂಟು ಹದಿನಾರಕ್ಕೆ ಟ್ರೇಲರಿನ ಒಳಗೆ ಯಾರೋ ಕೆಮ್ಮಿದಂತಾಯಿತು. ನಲ್ಲಿ ಒಮ್ಮೆ ಕೆಮ್ಮಿತು, ಉಗುಳಿತು, ನಿಂತಿತು. ಮತ್ತೆ ಕೆಮ್ಮಿ ಒಂದಿಷ್ಟು ನೀರು ಬಿಟ್ಟಿತು. ಒಂದು ಉದ್ಧರಣೆಯಷ್ಟು, ಹೆಚ್ಚೆಂದರೆ ಎರಡರಷ್ಟು. ಅತ್ತೆ ಒಂದು ಹನಿಯನ್ನೂ ಸಿಂಕಿಗೆ ಬಿಡಲಿಲ್ಲ. ದ್ವಾದಶಿಯಂದು ತುಳಸಿ ಕೀಳಬಾರದೆಂದು ದಶಮಿಯಂದೇ ಕಿತ್ತಿಟ್ಟಿದ್ದ ಬಾಡಿದ ದಳವನ್ನು ಅದರಲ್ಲಿ ಹಾಕಿ, ದೇವರ ಪಟಕ್ಕೆ ತೋರಿಸಿ, ಕಣ್ಣು ಮುಚ್ಚಿ ಬಾಯಿಗೆ ಬಿಟ್ಟುಕೊಂಡರು. ಅಡುಗೆಗೆ ವೇಳೆಯಿಲ್ಲದಿದ್ದರೆ ಅಷ್ಟೇ ಸಾಕು, ಅದೂ ಪಾರಣೆಯೇ. ಅವರ ಗಂಟಲು ಒಮ್ಮೆ ಏರಿ ಇಳಿಯಿತು. ಗಡಿಯಾರದಲ್ಲಿ ಇನ್ನೂ ಎರಡು ನಿಮಿಷವಿತ್ತು.

ಪಕ್ಕದ ಮನೆಯಾತ ಟೋಪಿ ತೆಗೆದ. “ಆಯಿತಾ?” ಎಂದು ಪಿಸುಗುಟ್ಟಿ ಕೇಳಿದ, ಚರ್ಚಿನೊಳಗೆ ಕೇಳುವವನ ಹಾಗೆ. ಆಯಿತೆಂದು ತಲೆಯಾಡಿಸಿದೆ. ಅದೇ ಕ್ಷಣ ನನ್ನ ಅಂಗೈಯೊಳಗಿನ ತಿರುಪು ಸೀಳಿತು.

ಹೋಸ್ ಬಿರಿದು, ಮೂವತ್ತಮೂರು ಡಿಗ್ರಿಯ ಕೌಂಟಿಯ ನೀರು ನನ್ನ ತಲೆಯಿಂದ ಕಾಲಿನವರೆಗೆ ಅಭಿಷೇಕ ಮಾಡಿತು. ಆತ ಗೋಡೆಯ ನಲ್ಲಿಯನ್ನು ಅರ್ಧಕ್ಕೆ ತಿರುಗಿಸಿ, ಸೀಳಿಗೆ ಟೇಪು ಸುತ್ತುವಷ್ಟರಲ್ಲಿ ನನ್ನ ಮೈಯಲ್ಲಿ ಒಣಗಿದ ನೂಲು ಒಂದೂ ಉಳಿದಿರಲಿಲ್ಲ. ಒಳಗೆ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು, ಸಣ್ಣಗೆ, ಆದರೆ ಬಿಡದೆ. ಅತ್ತೆ ಚೊಂಬು ಎತ್ತಿ ಹಿಡಿದು, ತುಟಿಗೆ ತಾಗಿಸದೆ, ನಿಧಾನವಾಗಿ ಕುಡಿದರು. ನಾವು ಮೂವರೂ ಹೊರಗೆ ನಿಂತು ಒಬ್ಬ ಮುದುಕಿ ನೀರು ಕುಡಿಯುವುದನ್ನು ನೋಡಿದೆವು.

ಆಮೇಲೆ ಅವರು ಬಾಗಿಲಿಗೆ ಬಂದರು. ನಾನು ಹಲ್ಲು ಕಟಕಟಿಸುತ್ತಾ ತಪ್ಪೊಪ್ಪಿಕೊಂಡೆ. “ಅತ್ತೆ, ರಾತ್ರಿ ನಲ್ಲಿ ನಿಲ್ಲಿಸಿದ್ದು ನಾನೇ. ಬೇಕು ಅಂತ ಅಲ್ಲ. ಕೈ ತಾನಾಗೇ...”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಸೌಟು ಹುಡುಕುತ್ತಾರೇನೋ ಎಂದು ನನಗೆ ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಕ್ಷಣ ಅನ್ನಿಸಿತು.

“ಪೂರ್ತಿ ನೆನೆದಿದ್ದೀಯಾ?”

“ಪೂರ್ತಿ.”

“ಒಣಗಿದ್ದು ಏನೂ ಇಲ್ಲವಲ್ಲ ಮೈ ಮೇಲೆ?”

“ಇಲ್ಲ.”

“ಸರಿ, ಒದ್ದೆ ಬಟ್ಟೆಯಲ್ಲಿದ್ದೀಯ, ಮಡಿಯಾದೆ. ನನಗೆ ಕೈ ನಡುಗ್ತಿದೆ. ಬಾ ಒಳಗೆ, ಅಕ್ಕಿ ತೊಳಿ.”

“ಅತ್ತೆ, ಅವರಿಗೆ ನ್ಯುಮೋನಿಯಾ ಆಗುತ್ತೆ!” ಎಂದಳು ಹೆಂಡತಿ.

“ಒಳಗೆ ಹೀಟರ್ ಇದೆಯಮ್ಮ. ಒಲೆಯ ಮುಂದೆ ಕೂರಲಿ.”

ನಾನು ಮೂರು ಮೆಟ್ಟಿಲು ಹತ್ತಿದೆ. ಬೂಟು ಹೊರಗೆ ಬಿಟ್ಟೆ. ಸ್ವೆಟರಿನಿಂದ ನೀರು ತೊಟ್ಟಿಕ್ಕುತ್ತಿರಲು ಅಕ್ಕಿ ತೊಳೆದೆ, ಹೆಸರುಬೇಳೆ ತೊಳೆದೆ, ಅವರು ಹೇಳಿದಂತೆ ಸೊಪ್ಪನ್ನು ಬೇಯಲಿಟ್ಟೆ. ಅತ್ತೆ ಮಂಚದ ತುದಿಯಲ್ಲಿ ಕೂತು, “ಉಪ್ಪು ಈಗಲೇ ಹಾಕಬೇಡ... ಹಾಂ, ಈಗ... ಅಷ್ಟೊಂದಲ್ಲವೋ” ಎಂದು ಸೂಚನೆ ಕೊಡುತ್ತಾ ಹೋದರು. ಅವರ ಮನೆಯಲ್ಲಿ ನಾಲ್ಕು ವರ್ಷ ಇದ್ದರೂ ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ ನಾನು. ಒಗ್ಗರಣೆ ಹಾಕುವುದನ್ನು ಅವರಿಂದ ಕಲಿತದ್ದು ಲಾರೆನ್ಸ್‌ವಿಲ್‌ನ ಡ್ರೈವ್‌ವೇಯಲ್ಲಿ, ಆ ಬೆಳಿಗ್ಗೆ. ಕಿಟಕಿಯ ಗಾಜಿನ ಮೇಲೆ ಹಬೆ ಕೂತು ಹೊರಗಿನದೇನೂ ಕಾಣದಂತಾಯಿತು. ಹೊರಗೆ ಪಕ್ಕದ ಮನೆಯಾತ ನನ್ನ ಹೆಂಡತಿಯನ್ನು ಕೇಳುತ್ತಿದ್ದುದು ಮಾತ್ರ ಕೇಳಿಸಿತು, ಅಡುಗೆ ಆದ ಮೇಲೆ ತನ್ನಂಥವರಿಗೂ ಸ್ವಲ್ಪ ಸಿಗುವ ಪದ್ಧತಿ ಉಂಟೋ ಹೇಗೆ ಎಂದು.

ಉಂಟು ಎಂದು ಅತ್ತೆ ಒಳಗಿನಿಂದಲೇ ಹೇಳಿಸಿದರು. ಮೊದಲು ದೇವರಿಗೆ, ಆಮೇಲೆ ತಮಗೆ, ಆಮೇಲೆ ಪೈಪ್ ರಿಪೇರಿಯವರಿಗೆ. ನಲ್ಲಿ ನಿಲ್ಲಿಸಿದವರಿಗೆ ಕೊನೆಯಲ್ಲಿ.